ಕೊಳಕ್ಕೆ ಬಿಟ್ಟ ತಂಬಿಟ್ಟಿನ ದೀಪ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಂಬದೇ ಹೋದರೆ ನಿಮ್ಮ ಪುಣ್ಯ ಎಂದುಕೊಳ್ಳುತ್ತೇನೆ, ರಾತ್ರಿ ನಿದ್ದೆಯಾದರೂ ಬರುತ್ತದೆ. ನಾನು ಕಥೆ ಕಟ್ಟುವವಳಲ್ಲ. ಎರಡು ಹೊತ್ತು ದೇವರಿಗೆ ದೀಪ ಹಚ್ಚಿಕೊಂಡು, ಒಲೆಯ ಮುಂದೆ ಆಯುಸ್ಸು ಕಳೆದ ಹೆಂಗಸು. ಇದನ್ನು ದೇವರ ಮನೆಯ ಬಾಗಿಲಲ್ಲೇ ಕೂತು ಬರೆಯುತ್ತಿದ್ದೇನೆ. ಇಲ್ಲಿ ಕೂತು ಒಂದಕ್ಕೆರಡು ಸೇರಿಸುವ ಧೈರ್ಯ ನನಗಿಲ್ಲ.

ಬರೆಯುತ್ತಿರುವುದು ಒಂದು ಕೈಯಲ್ಲಿ. ಇನ್ನೊಂದು ಕೈಯಲ್ಲಿ ಏನು ಹಿಡಿದಿದ್ದೇನೆ ಎನ್ನುವುದನ್ನು ಕೊನೆಗೆ ಹೇಳುತ್ತೇನೆ.

ಕೆನಡಾದ ಮಿಸಿಸಾಗದ ನಮ್ಮ ಮನೆಯಲ್ಲಿ ದೇವರ ಮನೆ ಎಂದರೆ ಅಡುಗೆಮನೆ ಪಕ್ಕದ ಪ್ಯಾಂಟ್ರಿ. ಶೆಲ್ಫು ತೆಗೆಸಿ ಮಂಟಪ ಇಟ್ಟುಕೊಂಡಿದ್ದೇವೆ. ಸ್ಮೋಕ್ ಅಲಾರಂ ಸ್ವಲ್ಪ ದೂರದಲ್ಲಿದೆ, ಊದುಬತ್ತಿ ಹಚ್ಚಿದರೆ ಬಡಿದುಕೊಳ್ಳುವುದಿಲ್ಲ. ಅಷ್ಟಾದರೂ ಇದೆಯಲ್ಲ ಎಂದು ದಿನಾ ಕೈಮುಗಿಯುತ್ತೇನೆ.

ನಡೆದದ್ದು ಹೋದ ವರ್ಷ ಆಗಸ್ಟಿನಲ್ಲಿ, ಇಲ್ಲಿನ ಬೇಸಿಗೆಯಲ್ಲಿ. ನಮ್ಮ ಒಬ್ಬಳೇ ಮಗಳು ನಿಧಿ ಆಗ ಏಳು ತಿಂಗಳ ಬಸುರಿ. ಅದಕ್ಕೆ ಹಿಂದೆ ಒಂದು ಬಸಿರು ನಿಲ್ಲದೆ ಹೋಗಿತ್ತು. ಆ ಸಲ ಆಸ್ಪತ್ರೆಯಿಂದ ಬಂದವಳು ಎಷ್ಟೋ ದಿನ ಗೋಡೆ ಕಡೆ ಮುಖ ಮಾಡಿಕೊಂಡೇ ಮಲಗಿದ್ದಳು. ಅದನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿರಲಿಲ್ಲ. ಅಳಿಯ ಕೆಲಸದ ಮೇಲೆ ವ್ಯಾಂಕೂವರಿಗೆ ಹೋಗಿದ್ದರಿಂದ ಅವಳು ನಮ್ಮ ಮನೆಯಲ್ಲೇ ಇದ್ದಳು. ನನ್ನ ಕಣ್ಣೆದುರಿಗೆ ಇದ್ದಾಳೆ, ಅದೇ ಸಮಾಧಾನ.

ತಿಪಟೂರಿನ ಕಡೆಯ ನಮ್ಮ ತವರಿನಲ್ಲಿ ಒಂದು ಪದ್ಧತಿ ಇದೆ. ಬಸುರಿಗೆ ಏಳು ತುಂಬುವ ಹೊತ್ತಿಗೆ ಗಂಗಮ್ಮನಿಗೆ ತಂಬಿಟ್ಟಿನ ಆರತಿ ಮಾಡುತ್ತಾರೆ. ಹುರಿದ ಅಕ್ಕಿಹಿಟ್ಟು, ಹುರಿಗಡಲೆ ಪುಡಿ, ಎಳ್ಳು, ಕೊಬ್ಬರಿ ಎಲ್ಲ ಬೆಲ್ಲದ ಪಾಕಕ್ಕೆ ಹಾಕಿ ಉಂಡೆ ಕಟ್ಟಿ, ಹೆಬ್ಬೆರಳಿಂದ ಗುಳಿ ಮಾಡಿ, ತುಪ್ಪ ಬತ್ತಿ ಇಟ್ಟರೆ ಅದೇ ದೀಪ. ಅದನ್ನು ದೊನ್ನೆಯಲ್ಲಿಟ್ಟು, ದೊನ್ನೆಗೆ ಅರಿಶಿನದ ದಾರ ಕಟ್ಟಿ ನೀರಿಗೆ ಬಿಡಬೇಕು. ಗಂಗಮ್ಮ ನೋಡಿದಳು ಎನ್ನುವಷ್ಟು ಹೊತ್ತು ಬಿಟ್ಟು, ಆಮೇಲೆ ದಾರ ಹಿಡಿದು ಎಳೆದುಕೊಳ್ಳಬೇಕು. ಆ ತಂಬಿಟ್ಟು ಬಸುರಿಗೆ ಪ್ರಸಾದ. ನಿಧಿ ನನ್ನ ಹೊಟ್ಟೆಯಲ್ಲಿದ್ದಾಗ ನನಗೂ ನಮ್ಮಮ್ಮ ಹೀಗೇ ಮಾಡಿ ತಿನ್ನಿಸಿದ್ದರು.

ಆದರೆ ಈ ದೇಶದಲ್ಲಿ ದೀಪ ಬಿಡುವುದೆಲ್ಲಿ? ಪಾರ್ಕಿನಲ್ಲಿ ಬೆಂಕಿಕಡ್ಡಿ ಗೀರಿದರೆ ಯಾರಾದರೂ ಪೊಲೀಸರಿಗೆ ಫೋನು ಮಾಡುತ್ತಾರೆ. ಇದೇ ಯೋಚನೆಯಲ್ಲಿದ್ದಾಗ ಪಕ್ಕದ ಮನೆಯ ಜಪಾನಿ ಹೆಂಗಸು ಮಿಚಿಕೊ ಬೇಲಿಯ ಆಚೆಯಿಂದ ಕರೆದರು.

"ಶನಿವಾರ ನಮ್ಮವರ ಹಬ್ಬ. ಕತ್ತಲಾದ ಮೇಲೆ ನೀರಿಗೆ ದೀಪ ಬಿಡ್ತೀವಿ. ನೀವೆಲ್ಲ ಬನ್ನಿ, ನಿಮಗೆ ಇಷ್ಟ ಆಗುತ್ತೆ." ಅವರು ಮಾತಾಡುವುದು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೇ.

ಏನು ಹಬ್ಬ ಎಂದು ಕೇಳಿದೆ. ತೀರಿಕೊಂಡ ಹಿರಿಯರು ಬೇಸಿಗೆಯಲ್ಲಿ ಮನೆಗೆ ಬಂದು ಹೋಗುತ್ತಾರಂತೆ. ಅವರು ಹಿಂದಿರುಗುವಾಗ ದಾರಿ ಕಾಣಲಿ ಎಂದು ಹೆಸರು ಬರೆದ ಕಾಗದದ ದೀಪಗಳನ್ನು ತೇಲಿಬಿಡುವುದಂತೆ. ನಮ್ಮ ಪಿತೃಪಕ್ಷವೇ ಅಲ್ಲವೇ ಎಂದುಕೊಂಡೆ. ಆದರೆ ಅವರದು ಡ್ರಮ್ಮು, ಕುಣಿತ, ತಿಂಡಿ ಅಂಗಡಿ. ಹಿರಿಯರು ನಗುನಗುತ್ತಾ ಹೋಗುವ ಜಾಗದಲ್ಲಿ ಮಗಳಿಗೆ ಆಶೀರ್ವಾದ ಕೇಳಿದರೆ ತಪ್ಪೇನು? ದೇವರೇ ದಾರಿ ತೋರಿಸಿದ ಎಂದು ನಮ್ಮ ದೇಶದವರ ಅಂಗಡಿಗಳಿರುವ ಜೆರಾರ್ಡ್ ಬಜಾರಿನಿಂದ ತಂದಿದ್ದ ಎಲೆ ದೊನ್ನೆಯ ಕಟ್ಟು ಬಿಚ್ಚಿದೆ.

ಶನಿವಾರ ಸಂಜೆ ಕಾರಿನಲ್ಲಿ ನಮ್ಮ ಯಜಮಾನರು ಮೂಗು ಅರಳಿಸಿದರು. ಇವರು ಇಂಜಿನಿಯರಾಗಿ ರಿಟೈರಾದವರು, ಎಲ್ಲದಕ್ಕೂ ಕಾರಣ ಬೇಕು.

"ಏನೇ ಅದು ಡಬ್ಬೀಲಿ?"

"ತಂಬಿಟ್ಟು."

"ಜಪಾನಿನವರ ಹಬ್ಬಕ್ಕೆ ತಂಬಿಟ್ಟಾ? ಸುಶಿ ಪಕ್ಕ ನಂಚ್ಕೋತಾರೇನು?"

"ನೀವು ರೋಡು ನೋಡ್ಕೊಂಡು ಓಡ್ಸಿ."

ಹಿಂದಿನ ಸೀಟಿನಿಂದ ನಿಧಿ, "ಅಪ್ಪ, ಡೋಂಟ್ ಸ್ಟಾರ್ಟ್. ಅಮ್ಮ, ಐ ಕ್ಯಾನ್ ಸ್ಮೆಲ್ ದ ಬೆಲ್ಲ. ಈಗ್ಲೇ ಒಂದು ಕೊಡು" ಎಂದಳು.

"ಆರತಿ ಆಗ್ಲಿ ಮಗಳೇ. ಆಮೇಲೆ ಪೂರ್ತಿ ನಿಂದೇ."

ಸರೋವರದ ಕಡೆಯ ಒಂದು ಪಾರ್ಕು. ನಡುವೆ ದೊಡ್ಡ ಕೊಳ, ಒಂದು ಬದಿಗೆ ಹುಲ್ಲುಹಾಸು, ಇನ್ನೊಂದು ಬದಿಗೆ ವಿಲೋ ಮರಗಳು ಮತ್ತು ಜೊಂಡು. ಸುಳ್ಳು ಹೇಳಬಾರದು, ಮೊದಲು ನನಗೆ ಬಹಳ ಖುಷಿಯಾಯಿತು. ಹತ್ತಿಯ ನಿಲುವಂಗಿ ತೊಟ್ಟ ಹೆಂಗಸರು ವೃತ್ತ ಕಟ್ಟಿ ನಿಧಾನವಾಗಿ ಕೈ ತಿರುಗಿಸುತ್ತಾ ಕುಣಿಯುತ್ತಿದ್ದರು, ಕೋಲು ಒಂದಿಲ್ಲ ಅಷ್ಟೇ, ನಮ್ಮ ಕೋಲಾಟವೇ. ಕೆಂಡದ ಮೇಲೆ ಜೋಳ ಸುಡುವ ವಾಸನೆ, ಸೊಳ್ಳೆಬತ್ತಿಯ ಹೊಗೆ. ಡ್ರಮ್ಮಿನ ಪೆಟ್ಟು ಎದೆಯೊಳಗೇ ಬೀಳುತ್ತಿತ್ತು. ನಿಧಿ ಬಣ್ಣದ ಐಸು ತಿಂದು ನಾಲಿಗೆ ನೀಲಿ ಮಾಡಿಕೊಂಡಳು. ಅವಳು ಹಾಗೆ ನಕ್ಕಿದ್ದನ್ನು ನೋಡಿ ತುಂಬ ದಿನವಾಗಿತ್ತು.

ಮಿಚಿಕೊ ನಮಗೂ ಒಂದು ಕಾಗದದ ದೀಪ ಕೊಡಿಸಿದರು. ಒಳಗೆ ಬ್ಯಾಟರಿ ಬಲ್ಬು. ಇವರು ಅದರ ಮೇಲೆ ತಮ್ಮ ತಂದೆ ತಾಯಿಯ ಹೆಸರನ್ನು ಕನ್ನಡದಲ್ಲಿ ಬರೆದು, ಶಾಯಿ ಒಣಗಲೆಂದು ಮೆಲ್ಲಗೆ ಊದಿದರು.

ಮೈಕಿನಲ್ಲಿ ಒಬ್ಬರು ಹೇಳಿದರು: ನಾವು ಕೊಟ್ಟ ದೀಪ ಬಿಟ್ಟು ಬೇರೇನೂ ನೀರಿಗೆ ಹಾಕಬೇಡಿ. ಬೆಂಕಿ ಬೇಡ, ಮುಖ್ಯವಾಗಿ ತಿನ್ನುವ ಪದಾರ್ಥ ಬೇಡ. ಕೊನೆಗೆ ದೋಣಿಯಲ್ಲಿ ಹೋಗಿ ಎಲ್ಲ ದೀಪ ವಾಪಸು ತರುತ್ತೇವೆ.

ಬಾತುಗಳು ತಿನ್ನುತ್ತವೆ ಎಂದು ಹೇಳುತ್ತಿದ್ದಾರೆ ಎಂದುಕೊಂಡೆ. ನಾನು ಹೇಗೂ ಎಳೆದುಕೊಳ್ಳುವವಳು, ಕೊಳದಲ್ಲಿ ಏನೂ ಉಳಿಯುವುದಿಲ್ಲವಲ್ಲ.

ಮಿಚಿಕೊ ಅವರ ದೊಡ್ಡಮ್ಮ ಗಾಲಿಕುರ್ಚಿಯಲ್ಲಿ ಬಂದಿದ್ದರು. ಬಹಳ ವಯಸ್ಸು, ಮುಖವೆಲ್ಲ ಗೆರೆ. ನಾನು ಕೈಮುಗಿದೆ. ಅವರು ನನ್ನನ್ನು ನೋಡಲೇ ಇಲ್ಲ, ನಿಧಿಯ ಹೊಟ್ಟೆಯನ್ನೇ ದಿಟ್ಟಿಸಿದರು. ಆಮೇಲೆ ಒಂದೆರಡು ಮಾತು ಉಗಿದ ಹಾಗೆ ಹೇಳಿದರು.

ಮಿಚಿಕೊಗೆ ಸಂಕೋಚವಾಯಿತು. "ಏನೂ ಅನ್ಕೋಬೇಡಿ. ಬಸುರಿ ಇವತ್ತು ನೀರಿನ ಹತ್ರ ಹೋಗಬಾರದು ಅಂತಾರೆ. ಮನೆಗೆ ಕರ್ಕೊಂಡು ಹೋಗಿ ಅಂತಾರೆ. ಹಳೇ ಕಾಲದವರು."

ನಮ್ಮ ಅತ್ತೆಯೂ ಹೀಗೇ ಗದರುತ್ತಿದ್ದರು, ಆದರೆ ಅವರ ಕಣ್ಣಿನಲ್ಲಿ ಅಕ್ಕರೆ ಇರುತ್ತಿತ್ತು. ಈ ಕಣ್ಣಿನಲ್ಲಿ ಅದಿರಲಿಲ್ಲ. ಕರೆಯದೆ ಮನೆಯೊಳಗೆ ಬಂದವರನ್ನು ನೋಡುವ ನೋಟ ಅದು. ನನಗೂ ಸಿಟ್ಟು ಬಂತು. ನಮ್ಮ ಪಾಡಿಗೆ ನಾವು ದೇವರಿಗೆ ಕೈಮುಗಿದು ಹೋಗುವವರು, ಇವರಿಗೇನು ಕಷ್ಟ ಎಂದು ನಿಧಿಯ ಕೈ ಹಿಡಿದುಕೊಂಡು ವಿಲೋ ಮರಗಳ ಕಡೆ ನಡೆದೆ. ಇವರು ಹುಲ್ಲುಹಾಸಿನಲ್ಲೇ ಕೂತರು.

ಆ ಬದಿಗೆ ಬೆಳಕಿಲ್ಲ. ಕಾಲ ಕೆಳಗೆ ಮಣ್ಣು ಒದ್ದೆ. ನಿಧಿಯನ್ನು ಒಂದು ಕಲ್ಲಿನ ಮೇಲೆ ಕೂರಿಸಿದೆ. ಡ್ರಮ್ಮು ನಿಂತಿತ್ತು. ದೂರದಲ್ಲಿ ಯಾರೋ ಒಂದೇ ಸ್ವರದಲ್ಲಿ ಮಂತ್ರ ಹೇಳುತ್ತಿದ್ದರು. ಕೊಳದ ತುಂಬ ಕಾಗದದ ದೀಪಗಳು, ಒಂದರ ಹಿಂದೆ ಒಂದು, ಗಾಳಿಗೆ ಮೆಲ್ಲಗೆ ಆಚೆ ದಡಕ್ಕೆ ಸಾಗುತ್ತಿದ್ದವು. ಎಷ್ಟು ಚೆನ್ನಾಗಿತ್ತೆಂದರೆ ನನ್ನ ಕಣ್ಣು ತುಂಬಿ ಬಂತು.

ಡಬ್ಬಿ ತೆಗೆದು, ಬತ್ತಿ ಹಚ್ಚಿ, ದೊನ್ನೆಯನ್ನು ನೀರಿಗಿಟ್ಟೆ. ದಾರದ ಈ ತುದಿಯನ್ನು ತೋರುಬೆರಳಿಗೆ ಸುತ್ತಿಕೊಂಡಿದ್ದೆ. ಗಂಗಮ್ಮ, ಈ ಸಲ ಮಗು ನಮ್ಮ ಕೈಗೆ ಬರಲಿ ತಾಯಿ ಎಂದೆ.

ಗಾಳಿ ಆ ಕಡೆ ಬೀಸುತ್ತಿತ್ತು. ನನ್ನ ದೀಪವೂ ಆ ಕಡೆಯೇ ಹೋಯಿತು. ಸ್ವಲ್ಪ ದೂರ ಹೋಗಿ... ನಿಂತಿತು.

ಆಮೇಲೆ ನಾನು ಕಂಡದ್ದನ್ನು ಕಂಡ ಹಾಗೇ ಹೇಳುತ್ತೇನೆ. ನನ್ನ ದೀಪದ ಸುತ್ತ ಇದ್ದ ಕಾಗದದ ದೀಪಗಳು ಸರಿಯತೊಡಗಿದವು. ಪಂಕ್ತಿಯಲ್ಲಿ ಬೇಡದವರು ಬಂದು ಕೂತಾಗ ಪಕ್ಕದವರು ತಮ್ಮ ಎಲೆ ಎಳೆದುಕೊಂಡು ಜರುಗುತ್ತಾರಲ್ಲ, ಥೇಟ್ ಹಾಗೆ. ನೋಡುನೋಡುತ್ತಿದ್ದಂತೆ ನನ್ನ ದೀಪದ ಸುತ್ತ ಕಪ್ಪು ನೀರು ಮಾತ್ರ ಉಳಿಯಿತು.

ಸಾಕು ಎಂದು ದಾರ ಎಳೆದೆ. ಒಂದು ಮೊಳ ಬಂತು. ಮತ್ತೆ ಬರಲಿಲ್ಲ.

ಜೊಂಡಿಗೆ ಸಿಕ್ಕಿರಬೇಕು ಎಂದುಕೊಂಡು ಇನ್ನೊಮ್ಮೆ ಎಳೆದೆ. ಆಗ ಆ ತುದಿಯಿಂದ ಯಾರೋ ಎಳೆದರು.

ಮೀನು ಕಚ್ಚಿದರೆ ದಾರ ಅದುರುತ್ತದೆ. ಇದು ಅದುರಲಿಲ್ಲ. ಅವಸರವಿಲ್ಲದ, ಕೊಡುವುದಿಲ್ಲ ಎನ್ನುವ ಎಳೆತ. ದಾರ ಬೆರಳಿನ ಮಾಂಸಕ್ಕೆ ಕಚ್ಚಿತು. ದೀಪ ಆರಲಿಲ್ಲ, ಕುಡಿ ಮಾತ್ರ ನೀರಿನ ಕಡೆಗೆ ಮಲಗಿಬಿಟ್ಟಿತು, ಕೆಳಗಿನಿಂದ ಯಾರೋ ಉಸಿರು ಒಳಗೆಳೆದುಕೊಂಡ ಹಾಗೆ. ಮುಚ್ಚಿಟ್ಟ ಹಳೇ ಬಾವಿಯ ವಾಸನೆ ಬಂತು... ಅದರ ಜೊತೆಗೆ ಬೆಲ್ಲದ ವಾಸನೆ.

"ಅಮ್ಮ," ನಿಧಿ ಪಿಸುಗುಟ್ಟಿದಳು. "ಹೂ ಈಸ್ ದಟ್?"

"ಎಲ್ಲಿ?"

"ದೇರ್. ದೀಪದ ಹಿಂದೆ."

ನಾನು ನೋಡಲಿಲ್ಲ. ಇವತ್ತಿಗೂ ಆ ಒಂದು ಬುದ್ಧಿ ಕೊಟ್ಟದ್ದಕ್ಕೆ ದೇವರಿಗೆ ಕೈಮುಗಿಯುತ್ತೇನೆ. ಕಣ್ಣುಮುಚ್ಚಿ ಮನೆದೇವರ ಹೆಸರು ಹೇಳಿ, ಮೈಯ ಬಲವೆಲ್ಲ ಹಾಕಿ ಜಗ್ಗಿದೆ.

ದಾರ ಥಟ್ಟನೆ ಸಡಿಲವಾಗಿ ನಾನು ಕೆಸರಿನಲ್ಲಿ ಕೂತುಬಿಟ್ಟೆ. ದೊನ್ನೆ ದಡಕ್ಕೆ ಬಂದು ಬಡಿಯಿತು. ನಾನು ಎಳೆದ ರಭಸಕ್ಕೆ ಬಂದದ್ದಲ್ಲ ಅದು, ತೆಗೆದುಕೋ ಎಂದು ಮುಖಕ್ಕೆ ಎಸೆದ ಹಾಗಿತ್ತು. ದೀಪ ಆರಿತ್ತು. ಬೆರಳು ಮುಟ್ಟಿ ನೋಡಿಕೊಂಡೆ. ದಾರ ಬೆರಳಿನಲ್ಲೂ ಇರಲಿಲ್ಲ, ದೊನ್ನೆಯಲ್ಲೂ ಇರಲಿಲ್ಲ. ದೊನ್ನೆಗೆ ನಾನು ಹಾಕಿದ್ದು ಬಿಗಿಯಾದ ಗಂಟು, ಎಲೆ ಹರಿದರೆ ಮಾತ್ರ ಬಿಡುವಂಥದು. ಎಲೆ ಹರಿದಿರಲಿಲ್ಲ.

ನಾನು ಏಳುವಷ್ಟರಲ್ಲಿ ಕತ್ತಲಲ್ಲಿ ಅಗಿಯುವ ಸದ್ದು ಕೇಳಿತು.

"ನಿಧಿ, ತಿನ್ಬೇಡ. ತಡಿ, ನೋಡ್ತೀನಿ."

"ಇಟ್ಸ್ ಫೈನ್, ಅಮ್ಮ. ಸ್ವಲ್ಪ ವೆಟ್ ಆಗಿದೆ ಅಷ್ಟೇ. ಐಯಾಮ್ ಸೋ ಹಂಗ್ರಿ."

ಫೋನಿನ ಟಾರ್ಚ್ ಹಾಕಿದೆ. ಅವಳ ಕೈಯಲ್ಲಿ ಅರ್ಧ ಉಂಡೆ. ನಿಧಿ ಕೆನಡಾದಲ್ಲೇ ಹುಟ್ಟಿದವಳಾದರೂ ಪ್ರಸಾದ ಎಂಜಲು ಮಾಡುವವಳಲ್ಲ, ಕೈಯಲ್ಲಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾಳೆ. ಅವಳು ಮುರಿದ ಬದಿ ಪುಡಿಪುಡಿಯಾಗಿತ್ತು. ಇನ್ನೊಂದು ಬದಿಯಲ್ಲಿ ನಯವಾದ ಅರ್ಧಚಂದ್ರ. ಕಚ್ಚಿದ ಗುರುತು. ಚಿಕ್ಕ ಬಾಯಿ, ಸಾಲಾಗಿ ಚಿಕ್ಕ ಹಲ್ಲು.

"ಈ ಕಡೆ ಕಚ್ಚಿದ್ಯಾ?"

"ಇಲ್ವಲ್ಲ."

ಯಾರದೋ ಎಂಜಲನ್ನು ನನ್ನ ಬಸುರಿ ಮಗಳಿಗೆ ನಾನೇ ತಿನ್ನಿಸಿದ್ದೆ.

ಉಳಿದದ್ದನ್ನು ನೀರಿಗೆ ಎಸೆಯೋಣವೆಂದರೆ ಅಂಚಿಗೆ ಹೋಗಲು ಕಾಲು ಬರಲಿಲ್ಲ. ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ, ಅವಳನ್ನು ಎಬ್ಬಿಸಿಕೊಂಡು ಹೊರಟೆ. ಹಿಂದೆ ಕೆಸರಿನಲ್ಲಿ ಪಚಪಚ ಸದ್ದು. ನಾವು ನಿಂತರೆ ಅದೂ ನಿಲ್ಲುತ್ತಿತ್ತು.

ಹಾದಿಯ ತುದಿಯಲ್ಲಿ ಆ ದೊಡ್ಡಮ್ಮ ಕುರ್ಚಿಯಲ್ಲಿ ಕಾದಿದ್ದರು, ಹಿಂದೆ ಮಿಚಿಕೊ, ಪಕ್ಕದಲ್ಲಿ ನಮ್ಮನ್ನು ಹುಡುಕಿಕೊಂಡು ಬಂದಿದ್ದ ಇವರು. ನಾವು ಹತ್ತಿರವಾದದ್ದೇ ಮುದುಕಿ ಮಡಿಲಿನಿಂದ ಕಾಗದದ ಪೊಟ್ಟಣ ಬಿಚ್ಚಿ ನಿಧಿಯ ಕಾಲಿಗೆ ಉಪ್ಪು ಎರಚಿದರು. ಆಮೇಲೆ ನನ್ನ ಕಾಲಿಗೆ.

"ಏನ್ರೀ ಇದು, ಮನುಷ್ಯರ ಮೇಲೆ ಉಪ್ಪು ಎರಚ್ತಾರಲ್ಲ" ಎಂದರು ಇವರು.

ಮುದುಕಿ ಪೊಟ್ಟಣದಲ್ಲಿ ಉಳಿದದ್ದೆಲ್ಲವನ್ನೂ ನಮ್ಮ ಹಿಂದೆ, ಯಾರೂ ಇಲ್ಲದ ಕಡೆಗೆ ಎಸೆದರು. ಎಸೆದವರೇ ಆ ಕಡೆ ನೋಡದೆ ಮುಖ ತಿರುಗಿಸಿಕೊಂಡರು.

ಮಿಚಿಕೊ ಮುಖ ಬಿಳುಚಿಕೊಂಡಿತ್ತು. "ನೀವು ನೀರಿಗೆ ಊಟ ಕೊಟ್ರಾ?"

"ಊಟ ಅಲ್ಲ, ಆರತಿ. ಕೊಟ್ಟು ವಾಪಸ್ ತಗೊಂಡೆ."

ಅದನ್ನು ಅವರು ತಮ್ಮ ಭಾಷೆಯಲ್ಲಿ ಹೇಳಿದಾಗ ದೊಡ್ಡಮ್ಮ ಕಣ್ಣುಮುಚ್ಚಿದರು. ಆಮೇಲೆ ಏನೋ ಕೇಳಿದರು.

"ಯಾರಿಗೆ ಕೊಟ್ಟಿರಿ ಅಂತ ಕೇಳ್ತಿದ್ದಾರೆ," ಎಂದರು ಮಿಚಿಕೊ. "ಇವತ್ತು ಹೆಸರಿರೋವ್ರಿಗೆಲ್ಲ ದೀಪ ಇದೆ, ಮನೆಯಲ್ಲಿ ಊಟ ಇಟ್ಟಿರ್ತಾರೆ. ಆದರೆ ಹೆಸರು ಬರೆಯೋಕೆ ಯಾರೂ ಇಲ್ಲದವರೂ ನೀರಿಗೆ ಬಂದಿರ್ತಾರೆ. ಅವರಿಗೆ ತುಂಬ ಹಸಿವು. ಅವರ ಬಾಯಿಂದ ಕಿತ್ಕೊಂಡ್ರಾ?"

ನಾನು ನಿಧಿಯ ಕೈ ಹಿಡಿದು ಕಾರಿನ ಕಡೆ ನಡೆದೆ.

ಕಾರಿನಲ್ಲಿ ನಾನು ಹಿಂದೆ ನಿಧಿಯ ಜೊತೆ ಕೂತೆ. ಅವಳು ಆ ಬದಿಯ ಕಿಟಕಿಗೆ ಒರಗಿ ನಿದ್ದೆ ಹೋದಳು. ಹೈವೇಗೆ ಏರಿದ ಮೇಲೆ ಟಿಂಗ್ ಟಿಂಗ್ ಎಂದು ಶುರುವಾಯಿತು.

"ಬೆಲ್ಟ್ ಹಾಕ್ಕೊಳೇ," ಎಂದರು ಇವರು.

"ಹಾಕ್ಕೊಂಡಿದೀನಿ. ಇಬ್ರೂ ಹಾಕ್ಕೊಂಡಿದೀವಿ."

"ನಡುವಿನ ಸೀಟು ತೋರಿಸ್ತಿದೆ. ಬ್ಯಾಗ್ ಇಟ್ಟಿದೀಯಾ?"

ಬ್ಯಾಗು ನನ್ನ ತೊಡೆಯ ಮೇಲಿತ್ತು, ಅದರೊಳಗೆ ಡಬ್ಬಿ. ನಡುವಿನ ಸೀಟಿನ ಮೇಲೆ ಏನೂ ಇರಲಿಲ್ಲ. ಕೈ ಇಟ್ಟು ನೋಡಲು ಮನಸ್ಸಾಗಲಿಲ್ಲ. ನಿಧಿಯ ಮೇಲೆ ಹೊದಿಸಿದ್ದ ಶಾಲು ಮಾತ್ರ ನಡುವಿನ ಕಡೆಗೆ ಸ್ವಲ್ಪ ಸ್ವಲ್ಪವೇ ಜಾರುತ್ತಿತ್ತು. ನಾನು ಸರಿಮಾಡುತ್ತಿದ್ದೆ, ಅದು ಜಾರುತ್ತಿತ್ತು. ಮನೆ ಮುಟ್ಟುವವರೆಗೂ ಹೀಗೇ.

ಮನೆಗೆ ಬಂದು ಡಬ್ಬಿ ತೆಗೆದೆ. ಖಾಲಿ. ತಳದಲ್ಲಿ ಒಂದು ಗುಟುಕು ನೀರು, ಒಂದೆಳೆ ಪಾಚಿ.

"ನಿಧಿ ತಿಂದಿರ್ತಾಳೆ ಬಿಡು," ಎಂದರು ಇವರು. ಡಬ್ಬಿ ನನ್ನ ತೊಡೆಯಿಂದ ಇಳಿದಿರಲಿಲ್ಲ. ಆದರೆ ಇವರ ಮುಖದಲ್ಲಿಯೂ ವಾದಿಸುವ ಉತ್ಸಾಹ ಇರಲಿಲ್ಲ.

ಆ ರಾತ್ರಿಯಿಂದ ನಮ್ಮ ಅಡುಗೆಮನೆ ನಮ್ಮದಾಗಿ ಉಳಿಯಲಿಲ್ಲ. ಮಲಗಿದ ಮೇಲೆ ಡಬ್ಬಿಯ ಮುಚ್ಚಳ ತೆಗೆಯುವ ಸದ್ದು, ತೆಗೆದು ಮತ್ತೆ ಒತ್ತುವ ಸದ್ದು. ಬೆಳಿಗ್ಗೆ ಮುಚ್ಚಿಟ್ಟ ಅನ್ನದಲ್ಲಿ ಗುಳಿ. ನಿಧಿಗೆ ಎಷ್ಟು ತಿಂದರೂ ಹಸಿವು, ಮೈ ಮಾತ್ರ ಇಳಿಯುತ್ತಿತ್ತು. ಒಂದು ದಿನ ಮಧ್ಯಾಹ್ನ ಸೋಫಾದಲ್ಲಿ ಕೂತಿದ್ದವಳು ಮೆಲ್ಲಗೆ ಕರೆದಳು.

"ಅಮ್ಮ, ಬೆಳಿಗ್ಗೆಯಿಂದ ಬೇಬಿ ಮೂವ್ ಆಗಿಲ್ಲ."

ಆಸ್ಪತ್ರೆಗೆ ಓಡಿದೆವು. ಎದೆಬಡಿತ ಇದೆ, ಕಾದು ನೋಡೋಣ, ಬೆಳಿಗ್ಗೆ ಮತ್ತೆ ಬನ್ನಿ ಎಂದರು. ಮನೆಗೆ ಬಂದವಳು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಹಿಂದಿನ ಸಲದ ಹಾಗೇ.

ಅದನ್ನು ನೋಡಿ ನನಗೆ ಹೆದರಿಕೆ ಹೋಗಿ ಕೋಪ ಬಂತು. ಒಲೆ ಹಚ್ಚಿ ತಂಬಿಟ್ಟು ಮಾಡಿದೆ. ಸ್ಟೀಲಿನ ತಟ್ಟೆಯಲ್ಲಿಟ್ಟು ಹಿತ್ತಲಿನ ಮರದ ಡೆಕ್ಕಿಗೆ ಹೋಗಿ, ಮೆಟ್ಟಿಲ ಮೇಲಿಟ್ಟೆ. "ಯಾರೋ ಏನೋ ನಂಗೊತ್ತಿಲ್ಲ. ಇದು ನಿಂದು. ಇದನ್ನ ಯಾರೂ ಕಿತ್ಕೊಳಲ್ಲ. ಒಳಗೆ ಬರಬೇಡ. ಆ ಮಗು ನಂದು" ಎಂದು ಕತ್ತಲಿಗೆ ಹೇಳಿ, ಬಾಗಿಲು ಹಾಕಿಕೊಂಡೆ.

ಸ್ವಲ್ಪ ಹೊತ್ತಿಗೆ ಹೊರಗೆ ತಟ್ಟೆ ಕಿರ್ರೆಂದು ಜರುಗಿತು. ಮೇಲಿನ ಕೋಣೆಯಿಂದ ನಿಧಿ ಕೂಗಿದಳು, "ಅಮ್ಮ, ಕಿಕ್ ಮಾಡ್ತು."

ಅವತ್ತಿನಿಂದ ಒಂದು ರಾತ್ರಿಯೂ ತಪ್ಪಿಸಿಲ್ಲ. ಇವರು ನಗುತ್ತಿದ್ದರು. "ರಾತ್ರಿ ಕಸದ ಡಬ್ಬಿ ಕೆದಕುತ್ತಲ್ಲ, ಆ ರಕೂನ್ ಕಣೇ ಅದು. ತುಪ್ಪ ಹಾಕಿ ಸಾಕ್ತಿದೀಯ, ನೆಂಟರನ್ನೂ ಕರ್ಕೊಂಡು ಬರುತ್ತೆ ನೋಡು."

"ರಕೂನ್ ಆದ್ರೆ ಇನ್ನೂ ಒಳ್ಳೇದಾಯ್ತು," ಎನ್ನುತ್ತಿದ್ದೆ.

ಮಳೆಗಾಲ ಇಲ್ಲದ ಈ ಊರಿನಲ್ಲಿ ಎಲೆ ಕೆಂಪಾಗುವ ಹೊತ್ತಿಗೆ ನಿಧಿಗೆ ಹೆಣ್ಣುಮಗು ಹುಟ್ಟಿತು. ಸುಖಪ್ರಸವ. ಗೌರಿ ಎಂದು ಹೆಸರಿಟ್ಟೆವು. ಕೈಕಾಲು ಸರಿಯಿದೆ, ಉಸಿರು ಸರಿಯಿದೆ, ಹಾಲು ಕುಡಿಯುತ್ತದೆ, ಇದಕ್ಕಿಂತ ಏನು ಬೇಕು? ಅಳಿಯನ ಕೆಲಸ ಇನ್ನೂ ಅಲ್ಲೇ ಇದ್ದುದರಿಂದ ತಾಯಿಮಗು ನಮ್ಮಲ್ಲೇ ಉಳಿದರು.

ಚಳಿಗಾಲ ಬಂತು. ಹಿಮ ಬಿದ್ದರೂ ತಟ್ಟೆ ಇಡುವುದನ್ನು ನಿಲ್ಲಿಸಲಿಲ್ಲ. ಬೆಳಿಗ್ಗೆ ತಟ್ಟೆ ಖಾಲಿ. ತಳದಲ್ಲಿ ತೆಳ್ಳಗೆ ಮಂಜುಗಡ್ಡೆ ಕಟ್ಟಿರುತ್ತಿತ್ತು, ಅದರೊಳಗೆ ಹಸಿರು ಪಾಚಿ. ಒಂದು ದಿನ ಅದನ್ನು ತಂದು ಇವರ ಕಾಫಿಯ ಪಕ್ಕದಲ್ಲಿಟ್ಟೆ. ಚಮಚದಿಂದ ಕೆದಕಿ ನೋಡಿದರು. "ಚಳಿಗೆ ರಕೂನ್‌ಗಳು ಅಷ್ಟಾಗಿ ಹೊರಗೆ ಬರಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ನಗಲಿಲ್ಲ.

ಮಿಚಿಕೊಗೆ ಎಲ್ಲ ಹೇಳಿದ್ದೆ. ದೊಡ್ಡಮ್ಮನನ್ನು ಕೇಳಿ ಬಂದರು. "ಮುಂದಿನ ಹಬ್ಬದಲ್ಲಿ ಹೆಸರಿಲ್ಲದ ಒಂದು ದೀಪ ಬಿಟ್ಟು, ಊಟ ಕೊಟ್ಟು ಕಳಿಸಬೇಕಂತೆ. ದಾರ ಮಾತ್ರ ಕಟ್ಟಬೇಡಿ. ಅಲ್ಲೀವರೆಗೆ ಹೇಗಾದ್ರೂ ಹೊಟ್ಟೆ ತುಂಬಿಸಿ." ಹೊರಟವರು ತಿರುಗಿ, "ದಾರ ಎಲ್ಲಿ ಅಂತ ಕೇಳಿದ್ರು" ಎಂದರು.

"ನೀರಲ್ಲಿ ಹೋಯ್ತು."



ಈ ಶನಿವಾರ ಮತ್ತೆ ಆ ಹಬ್ಬ. ಅಕ್ಕಿ ಹುರಿದು ಹಿಟ್ಟು ಮಾಡಿಸಿ ಇಟ್ಟಿದ್ದೇನೆ. ಇನ್ನೇನು ಮುಗಿಯಿತು ಎಂದುಕೊಂಡಿದ್ದೆ.

ನಿನ್ನೆ ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದರೆ ತಟ್ಟೆ ಮುಟ್ಟಿರಲಿಲ್ಲ. ತಂಬಿಟ್ಟು ಇಟ್ಟ ಹಾಗೇ ಒಣಗಿತ್ತು, ಇರುವೆ ಹತ್ತಿತ್ತು. ಒಂದು ಕ್ಷಣ ನನಗೆ ಎಷ್ಟು ಹಗುರವಾಯಿತು ಗೊತ್ತೇ? ತಾನಾಗಿಯೇ ಹೋಯಿತು, ಗಂಗಮ್ಮ ಕೈಬಿಡಲಿಲ್ಲ ಎಂದು ಅಲ್ಲೇ ಕೈಮುಗಿದೆ.

ಒಳಗೆ ಬಂದರೆ ಮಹಡಿ ಮೆಟ್ಟಿಲ ಬುಡದಲ್ಲೇ ಆ ವಾಸನೆ. ಮುಚ್ಚಿಟ್ಟ ಬಾವಿ... ಬೆಲ್ಲ.

ಮೇಲಿನ ಕೋಣೆಗೆ ಓಡಿದೆ. ಗೌರಿ ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದಳು. ನಿಧಿ ಪಕ್ಕದ ಮಂಚದಲ್ಲಿ ಆಗ ತಾನೇ ಎದ್ದು ಕಣ್ಣುಜ್ಜುತ್ತಿದ್ದಳು. ಮಗುವಿನ ಹೊದಿಕೆ ಸರಿಸಿದೆ.

ಎಡಗಾಲಿಗೆ ದಾರ. ಅರಿಶಿನ ಮಾಸಿ ಕಂದಿದ, ನೆನೆದ ದಾರ. ಬಿಗಿಯಾದ ಗಂಟು, ನಾನು ಹಾಕುವಂಥದೇ.

"ಅಮ್ಮ, ದೃಷ್ಟಿಗೆ ನೀನು ಕಟ್ಟಿದ್ದು, ರೈಟ್?" ನಿಧಿ ಆಕಳಿಸುತ್ತಾ ಕೇಳಿದಳು. "ಇಟ್ಸ್ ವೆಟ್. ಬೇರೆ ಕಟ್ಟು."

"ಹೂಂ. ಬೇರೆ ಕಟ್ತೀನಿ," ಎಂದೆ. ಬೇರೇನು ಹೇಳಲಿ ಅವಳಿಗೆ?

ಅವಳು ಬಾತ್ರೂಮಿಗೆ ಹೋದ ಮೇಲೆ ಕತ್ತರಿ ತಂದು ಕತ್ತರಿಸಿದೆ. ದೇವರ ಮುಂದೆ ಕರ್ಪೂರದಲ್ಲಿ ಸುಟ್ಟೆ, ನೆನೆದ ದಾರ ಬೇಗ ಹತ್ತಿಕೊಳ್ಳಲಿಲ್ಲ. ಕಾಲಿನಲ್ಲಿ ಗುರುತು ಉಳಿದಿಲ್ಲ. ಮಗು ನಗುತ್ತಿದೆ, ಹಾಲು ಕುಡಿಯುತ್ತಿದೆ. ಇವೆಲ್ಲ ದೇವರ ದಯೆಯೇ, ಇಲ್ಲ ಎನ್ನುವುದಿಲ್ಲ.

ಆದರೆ ನಮ್ಮ ಪದ್ಧತಿ ನಿಮಗೆ ಮೊದಲೇ ಹೇಳಿದೆನಲ್ಲ. ದಾರ ಕಟ್ಟಿ ಬಿಡುವುದು, ನೋಡಿ ಆಯಿತು ಎನ್ನುವಷ್ಟು ಹೊತ್ತು ಬಿಡುವುದು, ಆಮೇಲೆ ಎಳೆದುಕೊಳ್ಳುವುದು. ಅದನ್ನು ಅವತ್ತು ಆ ಕೊಳಕ್ಕೆ ಕಲಿಸಿದವಳು ನಾನೇ.

ಈಗ ಗೌರಿ ನನ್ನ ಮಡಿಲಲ್ಲಿ ಮಲಗಿದ್ದಾಳೆ. ನನ್ನ ಎಡಗೈಯಲ್ಲಿರುವುದು ಅವಳ ಕಾಲು. ನಿನ್ನೆಯಿಂದ ಬಿಟ್ಟಿಲ್ಲ, ಶನಿವಾರದವರೆಗೆ ಬಿಡುವುದಿಲ್ಲ.

ನಿಧಿಗೂ ಇವರಿಗೂ ಹೇಳದ ಒಂದು ಮಾತು ಇದೆ, ಇಲ್ಲಿ ಹೇಳಿಬಿಡುತ್ತೇನೆ. ನಿನ್ನೆ ಮಗುವಿನ ಕಾಲಿನಿಂದ ಹೊರಟ ಆ ದಾರ ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿರಲಿಲ್ಲ. ತೊಟ್ಟಿಲಿನ ಸಂದಿಯಿಂದ ಇಳಿದು ಮಂಚದ ಕೆಳಗಿನ ಕತ್ತಲಿಗೆ ಹೋಗಿತ್ತು. ನಾನು ಕತ್ತರಿ ಇಟ್ಟಾಗ 'ಟಪ್' ಎಂದು ಸದ್ದಾಯಿತು.

ದಾರ ಬಿಗಿಯಾಗಿತ್ತು.